ಬಹುಕ್ರೀಡಾ ಕೂಟಕ್ಕೆ ಆತಿಥ್ಯ: ಸಹಿ ಹಾಕುವ ಮೊದಲು ಕೇಳಬೇಕಾದ ಒಂದು ಪ್ರಶ್ನೆ ಯಾವುದು?

ಆರನೇ ಲೇನ್:
2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದ್‌ಗೆ ಸಿಕ್ಕ ದಿನದಿಂದ ಹಳೆಯ ಜಗಳ ಮತ್ತೆ ಶುರುವಾಗಿದೆ. ಒಂದು ಕಡೆಯವರಿಗೆ ಇದು ಪ್ರತಿಷ್ಠೆ, ಇನ್ನೊಂದು ಕಡೆಯವರಿಗೆ ದುಂದುವೆಚ್ಚ. ಇಬ್ಬರೂ ತೀರ್ಮಾನ ಮಾಡಿಕೊಂಡೇ ಮಾತಿಗೆ ಕೂರುತ್ತಾರೆ, ಹಾಗಾಗಿ ಚರ್ಚೆ ಒಂದಡಿಯೂ ಮುಂದೆ ಹೋಗುವುದಿಲ್ಲ.

ನನ್ನ ಪ್ರಶ್ನೆ ಅಹಮದಾಬಾದ್ ಕುರಿತದ್ದಲ್ಲ, ಯಾವುದೇ ನಗರದ ಕುರಿತದ್ದು. ಒಪ್ಪಂದದ ಪ್ರತಿ ಮೇಜಿನ ಮೇಲಿದೆ, ಸಹಿ ಹಾಕಬೇಕಾದವರು ನೀವು, ಕೇಳಲು ಒಂದೇ ಪ್ರಶ್ನೆಗೆ ಅವಕಾಶ. ಏನು ಕೇಳುತ್ತೀರಿ?

ನಾನಾದರೆ ಇದನ್ನು ಕೇಳುತ್ತೇನೆ: ಸಮಾರೋಪದ ಮರುದಿನ ಬೆಳಿಗ್ಗೆ ಈ ಕ್ರೀಡಾಂಗಣದ ಬೀಗದ ಕೈ ಯಾರ ಹತ್ತಿರ ಇರುತ್ತದೆ? ಅವರ ಹೆಸರು ಹೇಳಿ, ಇಲಾಖೆಯದಲ್ಲ.

ಸೀಟಿ:
ಅಥೆನ್ಸ್‌ನಲ್ಲಿ ಈ ಪ್ರಶ್ನೆ ಕೇಳಿದ್ದರೆ ಉತ್ತರ "ಯಾರೂ ಇಲ್ಲ" ಎಂದು ಬರುತ್ತಿತ್ತು. 2004ರ ಒಲಿಂಪಿಕ್ಸ್‌ನ ಸಾಫ್ಟ್‌ಬಾಲ್ ಮೈದಾನದಲ್ಲಿ ಆಮೇಲೆ ಕಳೆ ಬೆಳೆಯಿತು, ಕನೂ ದೋಣಿ ಓಡಿಸಲು ಕಟ್ಟಿದ ಕೃತಕ ಹೊಳೆ ಒಣಗಿ ಬಿರುಕು ಬಿಟ್ಟಿತು.

ಲೆಕ್ಕದ ಪುಸ್ತಕ:
ಬೀಗದ ಕೈ ಆಮೇಲಿನ ಮಾತು. ಮೊದಲ ಪ್ರಶ್ನೆ: ಅಂದಾಜು ಮೀರಿದರೆ ಹೆಚ್ಚುವರಿ ಹಣ ಯಾರದು? ಒಪ್ಪಂದದಲ್ಲಿ ಇದಕ್ಕೆಂದೇ ಒಂದು ಷರತ್ತು ಇರುತ್ತದೆ, ಸಾಮಾನ್ಯವಾಗಿ ಅದು ಆತಿಥೇಯರ ತಲೆಯ ಮೇಲೆಯೇ ಬೀಳುತ್ತದೆ. ಪದಕ ಕೊರಳಿಗೆ ಹಾಕುವವರು ಒಬ್ಬರು, ಸಾಲ ತೀರಿಸುವವರು ಇನ್ನೊಬ್ಬರು.

ಮಾಂಟ್ರಿಯಲ್ ನೋಡಿ. 1976ರ ಒಲಿಂಪಿಕ್ಸ್‌ಗೆ ಮೊದಲು ಅಲ್ಲಿನ ಮೇಯರ್ ಝಾನ್ ದ್ರಾಪೊ ಹೇಳಿದ ಮಾತು ಇಂದಿಗೂ ಉಳಿದಿದೆ. ಗಂಡಸು ಮಗು ಹೆರುವುದು ಎಷ್ಟು ಅಸಾಧ್ಯವೋ ಒಲಿಂಪಿಕ್ಸ್ ನಷ್ಟ ಮಾಡುವುದೂ ಅಷ್ಟೇ ಅಸಾಧ್ಯ ಎಂದಿದ್ದರು. ಸಾಲ ಪೂರ್ತಿ ತೀರಿದ್ದು 2006ರಲ್ಲಿ, ಅಂದರೆ ಮೂವತ್ತು ವರ್ಷಗಳ ನಂತರ. ತೀರಿಸಿದ್ದು ಕೂಡ ತಂಬಾಕಿನ ಮೇಲಿನ ತೆರಿಗೆಯಿಂದ. ಕೂಟ ನಡೆದಾಗ ಕ್ರೀಡಾಂಗಣದ ಗೋಪುರ ಅರ್ಧಕ್ಕೇ ನಿಂತಿತ್ತು, ಮುಗಿದದ್ದು 1987ರಲ್ಲಿ.

ಆಕ್ಸ್‌ಫರ್ಡ್ ಸಂಶೋಧಕರು 1960ರಿಂದೀಚೆಗೆ ಲೆಕ್ಕ ಸಿಕ್ಕಿರುವ ಒಲಿಂಪಿಕ್ಸ್‌ಗಳನ್ನೆಲ್ಲ ತುಲನೆ ಮಾಡಿ ನೋಡಿದ್ದಾರೆ. ಬಜೆಟ್‌ನೊಳಗೆ ಮುಗಿದದ್ದು ಒಂದೂ ಇಲ್ಲ. ಸೇತುವೆ, ಅಣೆಕಟ್ಟುಗಳಲ್ಲೂ ವೆಚ್ಚ ಮೀರುತ್ತದೆ, ಆದರೆ ಎಲ್ಲವೂ ಮೀರುವುದಿಲ್ಲ.

ಮೂಲೆ ಗ್ಯಾಲರಿ:
ಲೆಕ್ಕದ ಪುಸ್ತಕ ಅವರೇ, ಲಾಸ್ ಏಂಜಲೀಸ್ 1984 ಮರೆತಿರಾ? ಕೂಟ ಮುಗಿದ ಮೇಲೆ 20 ಕೋಟಿ ಡಾಲರ್‌ಗೂ ಹೆಚ್ಚು ಉಳಿತಾಯ. ಖಾಸಗಿ ಪ್ರಾಯೋಜಕರು, ಟಿವಿ ಹಕ್ಕು, ಚೊಕ್ಕಟವಾದ ನಿರ್ವಹಣೆ. ಮಾಡುವವರು ಮಾಡಿದರೆ ಲಾಭವೂ ಬರುತ್ತದೆ.

ಲೆಕ್ಕದ ಪುಸ್ತಕ:
ಮರೆತಿಲ್ಲ, ಅದು ನನ್ನ ವಾದಕ್ಕೇ ಸಾಕ್ಷಿ. ಮಾಂಟ್ರಿಯಲ್ ಕಂಡು ಬೆದರಿದ ಊರುಗಳೆಲ್ಲ ಹಿಂದೆ ಸರಿದಿದ್ದವು. ಟೆಹರಾನ್ ಕೂಡ ಕೈಬಿಟ್ಟ ಮೇಲೆ ಕಣದಲ್ಲಿ ಉಳಿದದ್ದು ಲಾಸ್ ಏಂಜಲೀಸ್ ಒಂದೇ. ಅಲ್ಲಿನ ಮತದಾರರು 1978ರಲ್ಲೇ ನಗರದ ಸನ್ನದಿಗೆ ತಿದ್ದುಪಡಿ ತಂದು ಪಾಲಿಕೆಯ ಹಣ ಇದಕ್ಕೆ ಹೋಗದಂತೆ ಕಟ್ಟಿಹಾಕಿದ್ದರು. ಬೇರೆ ದಾರಿಯಿಲ್ಲದೆ ಒಲಿಂಪಿಕ್ ಸಮಿತಿ ನಷ್ಟದ ಹೊಣೆಯಿಂದ ನಗರವನ್ನು ಬಿಡುಗಡೆ ಮಾಡಿತು. ಓಟ ನಡೆದದ್ದು 1932ರ ಕೂಟಕ್ಕೂ ಬಳಸಿದ್ದ ಕೊಲಿಸಿಯಂನಲ್ಲಿ, ಅಥ್ಲೀಟ್‌ಗಳು ಮಲಗಿದ್ದು ವಿಶ್ವವಿದ್ಯಾಲಯಗಳ ಹಾಸ್ಟೆಲ್‌ಗಳಲ್ಲಿ. ನಿರ್ವಹಣೆ ಚೊಕ್ಕಟವಾಗಿತ್ತು, ಒಪ್ಪುತ್ತೇನೆ. ಆದರೆ ಲಾಭ ಹುಟ್ಟಿದ್ದು ಚೌಕಾಸಿಯಲ್ಲಿ. ಹತ್ತು ನಗರಗಳು ಸಾಲಿನಲ್ಲಿ ನಿಂತು "ನನಗೆ ಕೊಡಿ, ನನಗೆ ಕೊಡಿ" ಎಂದರೆ ಆ ಷರತ್ತು ಯಾರಿಗೆ ಸಿಗುತ್ತದೆ?

ನಕಾಶೆಗಾರ:
ಆರನೇ ಲೇನ್ ಅವರ ಪ್ರಶ್ನೆಯನ್ನು ಇಷ್ಟು ಬೇಗ ಬದಿಗೆ ಸರಿಸಬೇಡಿ. ಇಂಗ್ಲೆಂಡಿನ ಎರಡು ಕ್ರೀಡಾಂಗಣಗಳ ಕಥೆ ಹೇಳುತ್ತೇನೆ.

ಮ್ಯಾಂಚೆಸ್ಟರ್, 2002ರ ಕಾಮನ್‌ವೆಲ್ತ್ ಕ್ರೀಡಾಕೂಟ. ಕೂಟದ ನಂತರ ಮ್ಯಾಂಚೆಸ್ಟರ್ ಸಿಟಿ ಫುಟ್‌ಬಾಲ್ ಕ್ಲಬ್ ಅಲ್ಲಿಗೆ ಬರುತ್ತದೆ ಎಂಬುದು ಕಟ್ಟುವಾಗಲೇ ನಿಶ್ಚಯವಾಗಿತ್ತು. ಕೂಟ ಮುಗಿಯುತ್ತಿದ್ದಂತೆ ಟ್ರ್ಯಾಕ್ ಕಿತ್ತು, ನೆಲವನ್ನೇ ಅಗೆದು ಕೆಳಗಿಳಿಸಿ, ಅಲ್ಲಿ ಆಸನಗಳ ಇನ್ನೊಂದು ಅಂತಸ್ತು ಕಟ್ಟಿದರು. ಮುಂದಿನ ವರ್ಷವೇ ಕ್ಲಬ್ ಅಲ್ಲಿ ಆಡತೊಡಗಿತು.

ಲಂಡನ್, 2012ರ ಒಲಿಂಪಿಕ್ಸ್. ಎಂಬತ್ತು ಸಾವಿರ ಆಸನ, ಮೇಲಿನ ಅಂತಸ್ತು ತಾತ್ಕಾಲಿಕ. ಮುಂದೇನು ಎಂಬುದು ಕೂಟ ಮುಗಿದ ಮೇಲೂ ಎಳೆದಾಡುತ್ತಲೇ ಇತ್ತು. ಕಡೆಗೆ ವೆಸ್ಟ್ ಹ್ಯಾಮ್ ಫುಟ್‌ಬಾಲ್ ಕ್ಲಬ್ ಬಾಡಿಗೆಗೆ ಬಂತು, ಟ್ರ್ಯಾಕ್ ಕೂಡ ಉಳಿಯಬೇಕು ಎಂದಾಯಿತು. ಪರಿವರ್ತನೆಗೆ 32 ಕೋಟಿ ಪೌಂಡ್‌ಗೂ ಹೆಚ್ಚು ಖರ್ಚು. ಇಷ್ಟಾದ ಮೇಲೂ ಟ್ರ್ಯಾಕ್ ಬೇಕೆಂದಾಗ ಕೆಳಗಿನ ಆಸನಗಳನ್ನು ಹಿಂದೆ ಸರಿಸಬೇಕು, ಫುಟ್‌ಬಾಲ್‌ಗೆ ಮತ್ತೆ ಮುಂದೆ ತರಬೇಕು. ಪ್ರತಿ ಸಲವೂ ಅದಕ್ಕೆ ದುಡ್ಡು ಸುರಿಯಬೇಕು.

ಎರಡೂ ಕಡೆ ನುರಿತ ಎಂಜಿನಿಯರ್‌ಗಳೇ ಇದ್ದರು. ಒಂದು ಕಡೆ ಬಾಡಿಗೆದಾರ ಯಾರೆಂದು ಮೊದಲೇ ಗೊತ್ತಿತ್ತು, ಇನ್ನೊಂದು ಕಡೆ ಗೊತ್ತಿರಲಿಲ್ಲ.

ಸೀಟಿ:
ಹಾಗಾದರೆ ಫುಟ್‌ಬಾಲ್ ಕ್ಲಬ್ ಇಲ್ಲದ ಊರುಗಳು ಬಿಡ್ ಮಾಡಲೇಬಾರದೇ?

ನಕಾಶೆಗಾರ:
ಮಾಡಲಿ, ಎಂಬತ್ತು ಸಾವಿರ ಆಸನ ಕಟ್ಟುವುದು ಬೇಡ. ಉದ್ಘಾಟನೆಯನ್ನು ಕ್ರೀಡಾಂಗಣದಲ್ಲೇ ಮಾಡಬೇಕೆಂಬ ಕಟ್ಟುಪಾಡೂ ಈಗಿಲ್ಲ. ಪ್ಯಾರಿಸ್ 2024ರಲ್ಲಿ ಸೀನ್ ನದಿಯ ಮೇಲೆ ದೋಣಿಗಳಲ್ಲಿ ಮೆರವಣಿಗೆ ಮಾಡಿದರು.

ಮೂಲೆ ಗ್ಯಾಲರಿ:
ಮಳೆಯಲ್ಲಿ ತೊಯ್ದು ತೊಪ್ಪೆಯಾದರು ಎಂಬುದನ್ನೂ ಸೇರಿಸಿ.

ನಿವೃತ್ತ ತೀರ್ಪುಗಾರ:
ಎಲ್ಲರೂ ಮುಖ್ಯ ಕ್ರೀಡಾಂಗಣದ ಬಗ್ಗೆಯೇ ಮಾತನಾಡುತ್ತಿದ್ದೀರಿ. ಅಥ್ಲೆಟಿಕ್ಸ್ ತೀರ್ಪುಗಾರನಾಗಿ ನಾನು ಕೇಳುವ ಪ್ರಶ್ನೆ ಒಂದೇ: ವಾರ್ಮ್‌ಅಪ್ ಟ್ರ್ಯಾಕ್ ಎಲ್ಲಿದೆ?

ದೊಡ್ಡ ಕೂಟವೆಂದರೆ ಪಕ್ಕದಲ್ಲೇ ಇನ್ನೊಂದು 400 ಮೀಟರ್ ಟ್ರ್ಯಾಕ್ ಬೇಕು. ಟಿವಿಯಲ್ಲಿ ಅದು ಕಾಣುವುದೇ ಇಲ್ಲ, ಆದ್ದರಿಂದ ನಕ್ಷೆಯಲ್ಲಿ ಕೊನೆಗೆ ನೆನಪಾಗುತ್ತದೆ. ಟೋಕಿಯೊದ ಹೊಸ ರಾಷ್ಟ್ರೀಯ ಕ್ರೀಡಾಂಗಣಕ್ಕೂ ಕಾಯಂ ವಾರ್ಮ್‌ಅಪ್ ಟ್ರ್ಯಾಕ್ ಇರಲಿಲ್ಲ, ಒಲಿಂಪಿಕ್ಸ್‌ಗೆಂದು ತಾತ್ಕಾಲಿಕವಾಗಿ ಒಂದನ್ನು ಹಾಕಿದರು.

ಓಟಗಾರ್ತಿ ಅಲ್ಲಿ ಮೈ ಬಿಸಿ ಮಾಡಿಕೊಂಡು ಕಾಲ್ ರೂಮಿಗೆ, ಅಂದರೆ ಸ್ಪರ್ಧೆಗೆ ಮೊದಲು ತಪಾಸಣೆ ಮಾಡುವ ಕೋಣೆಗೆ, ಬರುತ್ತಾಳೆ. ಅಲ್ಲಿ ಎದೆಯ ಮೇಲಿನ ಸಂಖ್ಯೆ ನೋಡುತ್ತೇವೆ. ಬೂಟು ತಿರುಗಿಸಿ ಮೊಳೆ ಅಳೆಯುತ್ತೇವೆ: ಸಿಂಥೆಟಿಕ್ ಟ್ರ್ಯಾಕಿನಲ್ಲಿ 9 ಮಿಲಿಮೀಟರ್ ಮಿತಿ, ಎತ್ತರ ಜಿಗಿತಕ್ಕೆ ಮತ್ತು ಜಾವೆಲಿನ್‌ಗೆ 12. ಚೀಲದ ಮೇಲೆ ಅನುಮತಿಯಿಲ್ಲದ ಲಾಂಛನವಿದ್ದರೆ ಟೇಪ್ ಅಂಟಿಸುತ್ತೇವೆ, ಮೊಬೈಲ್ ತೆಗೆದಿಡುತ್ತೇವೆ. ನಿಗದಿತ ನಿಮಿಷಕ್ಕೆ ಬಾಗಿಲು ಮುಚ್ಚುತ್ತದೆ. ಒಳಗಿದ್ದವರು ಓಡುತ್ತಾರೆ, ಹೊರಗುಳಿದವರು ಓಡುವುದಿಲ್ಲ.

ನಾನು ಕೆಲಸ ಮಾಡಿದ ಒಂದು ಕೂಟದಲ್ಲಿ, ಯಾವುದೆಂದು ಹೇಳುವುದಿಲ್ಲ, ವಾರ್ಮ್‌ಅಪ್ ಟ್ರ್ಯಾಕ್ ರಸ್ತೆಯ ಆಚೆಗಿತ್ತು. ನಡುವೆ ಒಂದು ಗೇಟು. ಅಲ್ಲಿನ ಕಾವಲುಗಾರನಿಗೆ ಕೊಟ್ಟಿದ್ದ ಮಾದರಿ ಕಾರ್ಡೇ ಬೇರೆ, ಅಥ್ಲೀಟ್‌ಗಳ ಕೊರಳಲ್ಲಿದ್ದ ಕಾರ್ಡೇ ಬೇರೆ. 400 ಮೀಟರ್ ಹರ್ಡಲ್ಸ್ ಓಡಬೇಕಾದ ಹೆಣ್ಣುಮಕ್ಕಳು ಬೂಟು ಕೈಯಲ್ಲಿ ಹಿಡಿದು ಕಾಲುಚೀಲದಲ್ಲಿ ಡಾಂಬರಿನ ಮೇಲೆ ನಿಂತಿದ್ದರು. ಆತ ಒಬ್ಬೊಬ್ಬರ ಕಾರ್ಡನ್ನೂ ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದ. ಅವನ ತಪ್ಪೇನೂ ಇಲ್ಲ, ಅವನಿಗೆ ಹೇಳಿದ್ದನ್ನು ಅವನು ಮಾಡುತ್ತಿದ್ದ. ಕಡೆಗೆ ನಾವೇ ಓಡಿಹೋಗಿ ಕರೆತಂದೆವು, ಓಟ ತಡವಾಗಿ ಶುರುವಾಯಿತು. ಕೋಟಿಗಟ್ಟಲೆ ಖರ್ಚಿನ ಕೂಟ ನಿಂತದ್ದು ಆ ಗೇಟಿನಲ್ಲಿ.

ಆರನೇ ಲೇನ್:
ತೀರ್ಪುಗಾರರೇ, ಇಂಥದ್ದನ್ನು ಕೇಳಲೆಂದೇ ಈ ಚರ್ಚೆ ತೆಗೆದದ್ದು. ಇನ್ನೂ ಇದ್ದರೆ ಬರೆಯಿರಿ.

ಹಸಿರು ಕೊಳ:
ದೊಡ್ಡ ಕೂಟಗಳು ಎಡವುವುದು ಸಣ್ಣ ಜಾಗದಲ್ಲೇ. ಅಟ್ಲಾಂಟಾ 1996ರಲ್ಲಿ ಹೊರ ಊರುಗಳಿಂದ ಕರೆಸಿದ ಬಸ್ ಚಾಲಕರಿಗೆ ದಾರಿ ಗೊತ್ತಿರಲಿಲ್ಲ. ಫಲಿತಾಂಶವನ್ನು ಸುದ್ದಿಸಂಸ್ಥೆಗಳಿಗೆ ತಲುಪಿಸಬೇಕಿದ್ದ ಕಂಪ್ಯೂಟರ್ ವ್ಯವಸ್ಥೆಯೂ ಕೈಕೊಟ್ಟಿತು. ರಿಯೊ 2016ರಲ್ಲಿ ಡೈವಿಂಗ್ ಕೊಳದ ನೀರು ರಾತ್ರಿ ಬೆಳಗಾಗುವುದರೊಳಗೆ ಹಸಿರಾಯಿತು. ಯಾರೋ ಹೈಡ್ರೋಜನ್ ಪೆರಾಕ್ಸೈಡ್ ಸುರಿದು ಕ್ಲೋರಿನ್ ಕೆಲಸ ಮಾಡದಂತಾಗಿತ್ತು.

2012ರಲ್ಲಿ ಲಂಡನ್ ಒಲಿಂಪಿಕ್ಸ್ ಉದ್ಘಾಟನೆಗೂ ಎರಡು ದಿನ ಮೊದಲು ಗ್ಲಾಸ್ಗೊದಲ್ಲಿ ಮಹಿಳಾ ಫುಟ್‌ಬಾಲ್. ಉತ್ತರ ಕೊರಿಯಾದ ಆಟಗಾರ್ತಿಯರನ್ನು ಪರಿಚಯಿಸುವಾಗ ಪರದೆಯ ಮೇಲೆ ದಕ್ಷಿಣ ಕೊರಿಯಾದ ಬಾವುಟ! ತಂಡ ಮೈದಾನಕ್ಕಿಳಿಯಲು ಒಪ್ಪದೆ ಪಂದ್ಯ ಒಂದು ಗಂಟೆಗೂ ಹೆಚ್ಚು ತಡವಾಯಿತು.

ಸೀಟಿ:
ಪ್ಯಾರಿಸ್‌ನಲ್ಲಿ ಅದೇ ತಪ್ಪು ತಿರುವುಮುರುವಾಗಿ ಆಯಿತು. ದಕ್ಷಿಣ ಕೊರಿಯಾದ ದೋಣಿ ಬಂದಾಗ ಉತ್ತರ ಕೊರಿಯಾ ಎಂದು ಘೋಷಿಸಿದರು.

ಲಗಾಮು:
ಕುದುರೆಗಳ ವಿಷಯ ಯಾರೂ ಎತ್ತುವುದಿಲ್ಲ ಎಂದು ಗೊತ್ತಿತ್ತು, ನಾನೇ ಎತ್ತುತ್ತೇನೆ. ಮೆಲ್ಬರ್ನ್ 1956 ಒಲಿಂಪಿಕ್ಸ್‌ನ ಕುದುರೆ ಸವಾರಿ ಸ್ಪರ್ಧೆಗಳು ಮೆಲ್ಬರ್ನ್‌ನಲ್ಲಿ ನಡೆಯಲೇ ಇಲ್ಲ. ಆಸ್ಟ್ರೇಲಿಯಾದ ಪ್ರಾಣಿ ಕ್ವಾರಂಟೈನ್ ಕಾನೂನು ಅಷ್ಟು ಬಿಗಿ. ಐದು ತಿಂಗಳು ಮೊದಲೇ ಸ್ಟಾಕ್‌ಹೋಮ್‌ನಲ್ಲಿ ನಡೆಸಿದರು. 2008ರಲ್ಲೂ ಬೀಜಿಂಗ್ ಬದಲು ಹಾಂಗ್‌ಕಾಂಗ್. ಅಥ್ಲೀಟ್‌ಗೆ ವೀಸಾ ಸಾಕು, ಅವಳ ಕುದುರೆಗೆ ರಕ್ತಪರೀಕ್ಷೆ, ಪ್ರತ್ಯೇಕ ಲಾಯ, ವಿಮಾನ, ಪಶುವೈದ್ಯ ಎಲ್ಲವೂ ಬೇಕು.

ಮೂಲೆ ಗ್ಯಾಲರಿ:
ಲಗಾಮು ಮೇಡಂ, ಯಾವ ಚರ್ಚೆಯಾದರೂ ನೀವು ಕುದುರೆ ಏರಿಯೇ ಬರುತ್ತೀರಿ. 😄

ಗುತ್ತಿಗೆ ಕಡತ:
ವೆಚ್ಚ ಏಕೆ ಮೀರುತ್ತದೆ ಎಂಬುದನ್ನು ಟೆಂಡರ್ ಕಡತಗಳ ನಡುವೆ ವರ್ಷಗಟ್ಟಲೆ ಕೂತವನಾಗಿ ಹೇಳುತ್ತೇನೆ. ಭ್ರಷ್ಟಾಚಾರ ಇದೆ, ಇಲ್ಲ ಎನ್ನುವುದಿಲ್ಲ. ಆದರೆ ಎಲ್ಲರೂ ಪ್ರಾಮಾಣಿಕರಾಗಿದ್ದರೂ ವೆಚ್ಚ ಮೀರುತ್ತದೆ.

ಬೇರೆ ಯಾವುದೇ ಕಾಮಗಾರಿಯಲ್ಲಿ ಗುತ್ತಿಗೆದಾರ ಹೆಚ್ಚು ಕೇಳಿದರೆ "ಆರು ತಿಂಗಳು ತಡವಾದರೂ ಸರಿ, ಮರುಟೆಂಡರ್ ಕರೆಯುತ್ತೇವೆ" ಎನ್ನಬಹುದು. ಇಲ್ಲಿ ಆ ಮಾತು ಆಡುವಂತಿಲ್ಲ. ಉದ್ಘಾಟನೆಯ ದಿನಾಂಕ ಜಗತ್ತಿಗೇ ಗೊತ್ತು. ದಿನ ಹತ್ತಿರವಾದಷ್ಟೂ ನಿಮ್ಮ ಜುಟ್ಟು ಅವನ ಕೈಗೆ ಸಿಗುತ್ತದೆ. ಮೂರು ಪಾಳಿ, ವಿಮಾನದಲ್ಲಿ ಬರುವ ಸಾಮಗ್ರಿ, "ತುರ್ತು" ಎಂದು ಷರಾ ಬರೆದು ಒಂದೇ ಬಿಡ್‌ಗೆ ಕೊಟ್ಟ ಕೆಲಸ. ಕೊನೆಯ ವರ್ಷದ ಒಂದು ರೂಪಾಯಿ ಕೆಲಸಕ್ಕೆ ಎರಡು ರೂಪಾಯಿ.

ದೆಹಲಿಗೆ 2010ರ ಕಾಮನ್‌ವೆಲ್ತ್ ಕೂಟ ಸಿಕ್ಕಿದ್ದು 2003ರ ನವೆಂಬರ್‌ನಲ್ಲಿ. ಏಳು ವರ್ಷ ಕೈಯಲ್ಲಿತ್ತು. ಆ ಕಾಲಾವಕಾಶವನ್ನು ಸರಿಯಾಗಿ ಬಳಸದೆ ಕೊನೆಗೆ ತುರ್ತಿನ ಹೆಸರಿನಲ್ಲಿ ನಿಯಮಗಳನ್ನು ಬದಿಗಿಟ್ಟರು ಎಂಬುದೇ 2011ರ ಸಿಎಜಿ (ಮಹಾಲೆಕ್ಕಪರಿಶೋಧಕರ) ವರದಿಯ ತಿರುಳು. ನೆಹರೂ ಕ್ರೀಡಾಂಗಣದ ಬಳಿಯ ಪಾದಚಾರಿ ಸೇತುವೆ ಕುಸಿದದ್ದು ಸೆಪ್ಟೆಂಬರ್ 21ರಂದು, ಉದ್ಘಾಟನೆ ಅಕ್ಟೋಬರ್ 3. ಆಮೇಲೆ ಸೇನೆಯ ಎಂಜಿನಿಯರ್‌ಗಳು ಬಂದು ಕೆಲವೇ ದಿನಗಳಲ್ಲಿ ಬೇರೆ ಸೇತುವೆ ಕಟ್ಟಿದರು.

ಆದ್ದರಿಂದ ನನ್ನ ಪ್ರಶ್ನೆ: ಮೊದಲ ಎರಡು ವರ್ಷಗಳಲ್ಲಿ ಏನೇನು ಮುಗಿಯುತ್ತದೆ? ಕೊನೆಯ ಎರಡು ವರ್ಷಗಳ ಯೋಜನೆಯನ್ನು ಯಾರು ಬೇಕಾದರೂ ಬರೆದುಕೊಡುತ್ತಾರೆ.

ಮೊದಲ ಸಾಲು:
ದೆಹಲಿ 2010 ಎಂದರೆ ನಿಮಗೆಲ್ಲ ಸೇತುವೆ ಮತ್ತು ಸಿಎಜಿ ಮಾತ್ರವೇ? ಕೃಷ್ಣಾ ಪೂನಿಯಾ ಡಿಸ್ಕಸ್‌ನಲ್ಲಿ ಚಿನ್ನ ಗೆದ್ದಾಗ ಬೆಳ್ಳಿ, ಕಂಚು ಕೂಡ ಭಾರತಕ್ಕೇ ಬಂದವು. ಕಾಮನ್‌ವೆಲ್ತ್ ಅಥ್ಲೆಟಿಕ್ಸ್‌ನಲ್ಲಿ ಭಾರತಕ್ಕೆ 1958ರ ಮಿಲ್ಖಾ ಸಿಂಗ್ ನಂತರದ ಮೊದಲ ಚಿನ್ನ ಅದು. ಅಶ್ವಿನಿ ಅಕ್ಕುಂಜಿ ಇದ್ದ 4×400 ರಿಲೇ ತಂಡ ಗೆದ್ದಾಗ ಕ್ರೀಡಾಂಗಣದಲ್ಲಿ ಎದ್ದ ಕೂಗು ಟಿವಿಯಲ್ಲಿ ಕೇಳಿದವರಿಗೇ ರೋಮಾಂಚನ. ಒಟ್ಟು 101 ಪದಕ, ಅದರಲ್ಲಿ 38 ಚಿನ್ನ. ಇದನ್ನೆಲ್ಲ ಯಾವ ಕಾಲಂನಲ್ಲಿ ಬರೆಯುತ್ತೀರಿ ಲೆಕ್ಕದ ಪುಸ್ತಕ ಅವರೇ?

1982ರ ಏಷ್ಯಾಡ್‌ನಿಂದ, ಅಂದರೆ ಏಷ್ಯನ್ ಕ್ರೀಡಾಕೂಟದಿಂದ, ದೆಹಲಿಗೆ ಮೇಲ್ಸೇತುವೆ ಬಂದವು, ಕ್ರೀಡಾಂಗಣ ಬಂತು, ದೇಶಕ್ಕೆ ಬಣ್ಣದ ಟಿವಿ ಬಂತು. ಕೂಟದ ಲಾಂಛನವಾಗಿದ್ದ ಅಪ್ಪು ಆನೆಯನ್ನು ಆ ಕಾಲದವರು ಇಂದಿಗೂ ಮರೆತಿಲ್ಲ.

ಹಸಿರು ಕೊಳ:
ಸಣ್ಣ ತಿದ್ದುಪಡಿ. ದೂರದರ್ಶನದ ಬಣ್ಣದ ಪ್ರಸಾರ ಆ ವರ್ಷದ ಆಗಸ್ಟ್ 15ರಂದೇ ಆರಂಭವಾಗಿತ್ತು, ಏಷ್ಯಾಡ್ ನಡೆದದ್ದು ನವೆಂಬರ್‌ನಲ್ಲಿ.

ಮೊದಲ ಸಾಲು:
ಏಷ್ಯಾಡ್ ಇತ್ತೆಂದೇ ಅಲ್ಲವೇ ಅಷ್ಟು ಅವಸರದಲ್ಲಿ ಆಗಸ್ಟ್‌ನಲ್ಲಿ ತಂದದ್ದು?

ಲೆಕ್ಕದ ಪುಸ್ತಕ:
ಸಂತೋಷಕ್ಕೆ ಕಾಲಂ ಇಲ್ಲ, ನಿಜ. ಕಡಿಮೆ ಖರ್ಚಿನಲ್ಲೂ ಅದೇ ಸಂತೋಷ ಸಿಗುತ್ತದೆ ಎನ್ನುವುದಷ್ಟೇ ನನ್ನ ಮಾತು. 1951ರ ಮೊದಲ ಏಷ್ಯನ್ ಕ್ರೀಡಾಕೂಟ ದೆಹಲಿಯಲ್ಲಿ ನಡೆದಾಗ 11 ದೇಶ, 489 ಸ್ಪರ್ಧಿಗಳು. ಸ್ವಾತಂತ್ರ್ಯ ಬಂದು ನಾಲ್ಕೇ ವರ್ಷವಾಗಿದ್ದ ದೇಶ ಅದನ್ನು ನಡೆಸಿ ತೋರಿಸಿತು.

ಗುತ್ತಿಗೆ ಕಡತ:
ಈಗ 489 ಜನ ಎಂದರೆ ಒಂದೆರಡು ದೊಡ್ಡ ದೇಶಗಳ ತಂಡಕ್ಕೇ ಸರಿಹೋಗುತ್ತದೆ. ಚೀನಾದ ಹಾಂಗ್‌ಝೌನಲ್ಲಿ 2023ರಲ್ಲಿ ನಡೆದ ಏಷ್ಯನ್ ಕೂಟದಲ್ಲಿ ಸ್ಪರ್ಧಿಗಳೇ 12,000ದ ಆಸುಪಾಸು, 40 ಕ್ರೀಡೆಗಳು. 1951ರ ಲೆಕ್ಕ ಹಿಡಿದು ಈಗ ಮಾತನಾಡಲು ಬರುವುದಿಲ್ಲ.

ಜನಮತ:
ನೀವೆಲ್ಲ ಸಹಿ ಹಾಕುವವರು ಏನು ಕೇಳಬೇಕು ಎನ್ನುತ್ತಿದ್ದೀರಿ. ಸಹಿಗೆ ಮೊದಲು ಜನರನ್ನು ಕೇಳಿದರಾಗದೇ? 1976ರ ಚಳಿಗಾಲದ ಒಲಿಂಪಿಕ್ಸ್ ಡೆನ್ವರ್‌ಗೆ ಸಿಕ್ಕಾಗಿತ್ತು. 1972ರ ನವೆಂಬರ್‌ನಲ್ಲಿ ಕೊಲರಾಡೊ ಮತದಾರರು ಸರ್ಕಾರಿ ಹಣ ಕೊಡುವುದಿಲ್ಲ ಎಂದು ಮತ ಹಾಕಿದರು, ಕೂಟ ಇನ್ಸ್‌ಬ್ರುಕ್‌ಗೆ ಹೋಯಿತು. ಹ್ಯಾಂಬರ್ಗ್ 2015ರಲ್ಲಿ, ಕ್ಯಾಲ್ಗರಿ 2018ರಲ್ಲಿ ಜನಮತದಲ್ಲೇ ಬೇಡ ಎಂದವು.

ಮೂಲೆ ಗ್ಯಾಲರಿ:
ಜನರನ್ನು ಕೇಳಿದರೆ ಮೆಟ್ರೊ ಕೂಡ ಬೇಡ ಎನ್ನುತ್ತಾರೆ. ಅಗೆಯುವಾಗ ಎಲ್ಲರೂ ಬಯ್ಯುತ್ತಾರೆ, ಆಮೇಲೆ ಅದೇ ಜನ ಅದರಲ್ಲೇ ಓಡಾಡುತ್ತಾರೆ. ಬಾರ್ಸಿಲೋನಾ 1992 ನೋಡಿ. ಕೈಗಾರಿಕೆ, ರೈಲುಹಳಿಗಳ ಹಿಂದೆ ಅಡಗಿದ್ದ ಸಮುದ್ರತೀರ ಊರಿನವರ ಕೈಗೆ ಬಂತು, ವರ್ತುಲ ರಸ್ತೆ ಬಂತು. ಕೂಟದ ನೆಪವಿಲ್ಲದಿದ್ದರೆ ಇನ್ನೂ ಮೂವತ್ತು ವರ್ಷ ಕಡತ ಓಡಾಡುತ್ತಿತ್ತು.

ನಕಾಶೆಗಾರ:
ಬಾರ್ಸಿಲೋನಾದ ಯೋಜನೆಗಳಲ್ಲಿ ಬಹಳಷ್ಟು ಕೂಟಕ್ಕೂ ಮೊದಲಿನವು. ನಗರಕ್ಕೆ ಏನು ಬೇಕೆಂದು ಗೊತ್ತಿತ್ತು, ಕೂಟ ಗಡುವು ಕೊಟ್ಟಿತು. ಪ್ಯಾರಿಸ್ ಮಾಡಿದ್ದೂ ಅದೇ. ಸೀನ್ ನದಿ ಶುದ್ಧ ಮಾಡಲು 140 ಕೋಟಿ ಯೂರೊ. ಮಳೆ ಬಂದು ನೀರು ಕೆಟ್ಟಿದ್ದರಿಂದ ಪುರುಷರ ಟ್ರಯಾತ್ಲಾನ್ ಒಂದು ದಿನ ಮುಂದಕ್ಕೆ ಹೋದಾಗ ಎಲ್ಲರೂ ನಕ್ಕರು. 2025ರ ಜುಲೈನಲ್ಲಿ ಅದೇ ನದಿಯಲ್ಲಿ ಸಾರ್ವಜನಿಕರು ಈಜಿದರು. ಒಂದು ಶತಮಾನದಿಂದ ಅಲ್ಲಿ ಈಜುವುದಕ್ಕೆ ನಿಷೇಧವಿತ್ತು.

ಜನಮತ:
ನದಿ ಶುದ್ಧ ಮಾಡಲು ಒಲಿಂಪಿಕ್ಸ್ ಬೇಕಾಯಿತು ಎಂಬುದನ್ನು ಹೊಗಳಿಕೆಯಾಗಿ ಹೇಗೆ ಓದುವುದೋ ನನಗೆ ತಿಳಿಯದು.

ಆರನೇ ಲೇನ್:
ಸಹಿ ಹಾಕಿ ಆಮೇಲೆ ಹಿಂದೆ ಸರಿದವರೂ ಇದ್ದಾರಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2026ರ ಕಾಮನ್‌ವೆಲ್ತ್ ಕೂಟ ಒಪ್ಪಿಕೊಂಡು, 2023ರ ಜುಲೈನಲ್ಲಿ ಬೇಡವೆಂದಿತು. 260 ಕೋಟಿ ಆಸ್ಟ್ರೇಲಿಯನ್ ಡಾಲರ್ ಎಂದು ಅಂದಾಜಿಸಿದ್ದು 600ರಿಂದ 700 ಕೋಟಿಗೆ ಏರಬಹುದು ಎಂಬ ಕಾರಣ ಕೊಟ್ಟರು. ನಡೆಯದ ಕೂಟಕ್ಕೆ ಪರಿಹಾರವಾಗಿಯೇ 38 ಕೋಟಿ ಡಾಲರ್ ತೆತ್ತರು. ಅದೂ ಧೈರ್ಯವೇ.

ಲೆಕ್ಕದ ಪುಸ್ತಕ:
ಧೈರ್ಯ ಎನ್ನುವ ಮೊದಲು ಅಲ್ಲಿನ ಮಹಾಲೆಕ್ಕಪರಿಶೋಧಕರ 2024ರ ವರದಿ ಓದಿ. ರದ್ದತಿಗೆ ಕೊಟ್ಟ ಆ ದೊಡ್ಡ ಮೊತ್ತವೇ ಉಬ್ಬಿಸಿದ್ದು ಎಂದಿದ್ದಾರೆ. ಮೊದಲ ಅಂದಾಜೂ ವಾಸ್ತವಕ್ಕೆ ದೂರವಾಗಿತ್ತು. ಒಪ್ಪಿಕೊಳ್ಳುವಾಗ ಕಡಿಮೆ ತೋರಿಸಿದರು, ಬಿಡುವಾಗ ಹೆಚ್ಚು ತೋರಿಸಿದರು. ಪರಿಹಾರವೂ ಸೇರಿ ಜನರ 58 ಕೋಟಿ ಡಾಲರ್‌ಗೂ ಹೆಚ್ಚು ಹಣ ನೀರುಪಾಲು.

ಜಟ್ಟಿ:
ಈಗ ನನ್ನ ಸಿಟ್ಟು. ವಿಕ್ಟೋರಿಯಾ ಕೈಕೊಟ್ಟ ಮೇಲೆ ಗ್ಲಾಸ್ಗೊ ಮುಂದೆ ಬಂದು ಕೂಟ ಉಳಿಸಿತು ಎಂದು ಎಲ್ಲರೂ ಹೊಗಳುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚಿದರು, ಸರಿ. ಆದರೆ ಯಾರ ಕಾಲು ಕತ್ತರಿಸಿದರು? 2026ರ ಕೂಟಕ್ಕೆ ಹತ್ತೇ ಕ್ರೀಡೆ. ಕುಸ್ತಿ ಇಲ್ಲ, ಹಾಕಿ ಇಲ್ಲ, ಬ್ಯಾಡ್ಮಿಂಟನ್ ಇಲ್ಲ, ಶೂಟಿಂಗ್ ಇಲ್ಲ. 2022ರ ಬರ್ಮಿಂಗ್‌ಹ್ಯಾಮ್‌ಗೆ ಹೋದ ನಮ್ಮ ಹನ್ನೆರಡು ಕುಸ್ತಿಪಟುಗಳೂ ಪದಕ ತಂದಿದ್ದರು, ಆರು ಚಿನ್ನ. ಎಲ್ಲ ಕ್ರೀಡೆ ಸೇರಿ ಬಂದ 61ರಲ್ಲಿ 12 ಅವರದೇ. ಕುಸ್ತಿಗೆ ಏನು ಬೇಕು ಸ್ವಾಮಿ? ಒಂದು ಸಭಾಂಗಣ, ಎರಡು ಮ್ಯಾಟ್, ಒಂದು ತೂಕದ ಯಂತ್ರ. ಮಿತವ್ಯಯಕ್ಕೆ ಕುಸ್ತಿಯೇ ಬಲಿಯಾಗಬೇಕೆ?

ನಕಾಶೆಗಾರ:
ಜಟ್ಟಿ ಅವರೇ, ಮ್ಯಾಟ್ ಖರ್ಚಲ್ಲ. ಪ್ರತಿ ಕ್ರೀಡೆಯ ಹಿಂದೆ ಅಥ್ಲೀಟ್‌ಗಳ ಹಾಸಿಗೆ, ಬಸ್, ತೀರ್ಪುಗಾರರು, ಉದ್ದೀಪನ ಮದ್ದು ಪರೀಕ್ಷೆ, ನೇರಪ್ರಸಾರದ ಕ್ಯಾಮೆರಾ, ಭದ್ರತೆ ಬರುತ್ತವೆ. ಗ್ಲಾಸ್ಗೊ ನಾಲ್ಕೇ ಸ್ಥಳ ಆರಿಸಿಕೊಂಡಿತು, ಎಲ್ಲವೂ ಎಂಟು ಮೈಲಿಯೊಳಗೆ, ಹೊಸ ಕ್ರೀಡಾಗ್ರಾಮವಿಲ್ಲ. ಇನ್ನೊಂದು ಸಭಾಂಗಣ ಸೇರಿದರೆ ಆ ಲೆಕ್ಕವೇ ಕೆಡುತ್ತದೆ.

ಜಟ್ಟಿ:
ಜೂಡೊ ಇದೆಯಲ್ಲ! ಅದಕ್ಕೂ ಮ್ಯಾಟ್, ಅದಕ್ಕೂ ತೂಕ, ಅದಕ್ಕೂ ಸಭಾಂಗಣ. ಒಂದೇ ಸಭಾಂಗಣದಲ್ಲಿ ಜೂಡೊ ಮುಗಿದ ಮೇಲೆ ಕುಸ್ತಿ ಇಡಬಹುದಿತ್ತು.

ನಿವೃತ್ತ ತೀರ್ಪುಗಾರ:
ಈ ಮಾತಿಗೆ ನನ್ನ ಬೆಂಬಲ. ನಾಲ್ಕು ವರ್ಷ ತಯಾರಾದ ಹುಡುಗಿಗೆ "ನಿನ್ನ ಕ್ರೀಡೆ ಈ ಸಲ ಇಲ್ಲ" ಎಂದು ಹೇಳುವವರು ಯಾವ ಸಮಿತಿಯಲ್ಲೂ ಇರುವುದಿಲ್ಲ. ಆ ಕೆಲಸ ತರಬೇತುದಾರನ ಪಾಲಿಗೆ ಬರುತ್ತದೆ.

ಲೆಕ್ಕದ ಪುಸ್ತಕ:
ಆದರೆ ಗ್ಲಾಸ್ಗೊ ಕೂಡ ಬೇಡ ಎಂದಿದ್ದರೆ ಈಜು, ಓಟದವರಿಗೂ ಕೂಟ ಇರುತ್ತಿರಲಿಲ್ಲ. ದಕ್ಷಿಣ ಆಫ್ರಿಕಾದ ಡರ್ಬನ್ ಕೈಯಿಂದ 2022ರ ಕೂಟ ಜಾರಿತು, ವಿಕ್ಟೋರಿಯಾ 2026 ಬಿಟ್ಟಿತು. ಸತತ ಎರಡು ಕೂಟ ಮೂಲ ಆತಿಥೇಯರನ್ನು ಕಳೆದುಕೊಂಡಿವೆ. ನಡೆಸಲು ಊರೇ ಸಿಗದಿದ್ದರೆ ಕ್ರೀಡೆಗಳ ಪಟ್ಟಿ ಉದ್ದವಿದ್ದು ಏನು ಪ್ರಯೋಜನ?

ಹಸಿರು ಕೊಳ:
ಪಟ್ಟಿ ಕತ್ತರಿಸದೆಯೂ ಉಳಿತಾಯ ಸಾಧ್ಯ. ಜಪಾನಿನ ಐಚಿ-ನಗೋಯಾ ಏಷ್ಯನ್ ಕ್ರೀಡಾಕೂಟಕ್ಕೆ ಹೊಸ ಕ್ರೀಡಾಗ್ರಾಮ ಕಟ್ಟುವುದನ್ನೇ ಕೈಬಿಟ್ಟು, ವಿಹಾರ ಹಡಗು ಮತ್ತು ಕಂಟೇನರ್ ಮನೆಗಳಲ್ಲಿ ಅಥ್ಲೀಟ್‌ಗಳನ್ನು ಇರಿಸುವ ಯೋಜನೆ ಮಾಡಿದರು. ಕೂಟ ಮುಗಿದ ಮೇಲೆ ಹಡಗು ತನ್ನ ದಾರಿ ಹಿಡಿಯುತ್ತದೆ.

ಮೂಲೆ ಗ್ಯಾಲರಿ:
ಸಮುದ್ರವಿಲ್ಲದ ಊರು ಏನು ಮಾಡಬೇಕು?

ಗುತ್ತಿಗೆ ಕಡತ:
ಹಾಸ್ಟೆಲ್. ಲಾಸ್ ಏಂಜಲೀಸ್ ಉತ್ತರ ಕೊಟ್ಟು ನಲವತ್ತು ವರ್ಷ ದಾಟಿತು. ರಜೆಯಲ್ಲಿ ಹಾಸ್ಟೆಲ್ ಖಾಲಿ ಇರುತ್ತದೆ, ಕೂಟದ ದಿನಾಂಕವನ್ನು ರಜೆಗೆ ಹೊಂದಿಸಿಕೊಂಡರೆ ಮುಗಿಯಿತು.

ನಿವೃತ್ತ ತೀರ್ಪುಗಾರ:
ಹಾಸ್ಟೆಲ್ ಮಂಚದ ಉದ್ದ ಮೊದಲು ಅಳೆಯಿರಿ. ಬಾಸ್ಕೆಟ್‌ಬಾಲ್ ತಂಡಗಳೂ ಬರುತ್ತವೆ.

ಜಟ್ಟಿ:
ಮಂಚ ಅಳೆಯಲು ಸಮಿತಿ ಇದೆ, ಕುಸ್ತಿಗೆ ಮ್ಯಾಟ್ ಇಲ್ಲ. 2030ರಲ್ಲಿ ಕುಸ್ತಿ ಪಟ್ಟಿಯಲ್ಲಿ ಇಲ್ಲದಿದ್ದರೆ ಮತ್ತೆ ಇಲ್ಲಿಗೇ ಬಂದು ಜಗಳ ತೆಗೆಯುತ್ತೇನೆ.

ಲಗಾಮು:
ಕುದುರೆ ಸವಾರಿಯೂ ಇರುವುದಿಲ್ಲ ಬಿಡಿ, ನಾನೂ ಜೊತೆಗೆ ಬರುತ್ತೇನೆ.